ಅಂತರ್ಜಲದ ಹೊದಿಕೆಯೊಳಗಿನ ಗಿಳಿ

ಗಾಳಿಕೇರಿ, ಗದಗ
ಗಾಳಿಶಕೆ ೧೮೨, ಎರಡನೆಯ ಶ್ರಾವಣದ ಮೂವತ್ತಾರನೆಯ ದಿನ

ಹೊದಿಕೆ ಬದಲಿಸಿದ ಮಾಸ್ತರರಿಗೆ, ಇಲ್ಲವೇ ಅಕ್ಕೋರಿಗೆ,

ತಾವು ಯಾರೆಂದು ನನಗೆ ತಿಳಿಯದು. ಆದರೂ ಕೈಮುಗಿದು ನಮಸ್ಕಾರ ಮಾಡುತ್ತೇನೆ. ಸಾಷ್ಟಾಂಗ ಮಾಡಬೇಕಾದಷ್ಟು ದೊಡ್ಡ ಉಪಕಾರ ತಮ್ಮದು, ಆದರೆ ನನ್ನ ಸೊಂಟ ಒಪ್ಪುವುದಿಲ್ಲ.

ಮೇಲಿನ ತಾರೀಖು ನೋಡಿ ಇದು ಯಾರೋ ತಲೆಕೆಟ್ಟವರ ಕೆಲಸವೆಂದು ಕಾಗದವನ್ನು ಮುದುಡಿ ಎಸೆಯಬೇಡಿ. ನಮ್ಮಲ್ಲಿ ಶ್ರಾವಣ ಎರಡು. ಮೊದಲನೆಯದು ಪಂಚಾಂಗದ್ದು, ಅದರಲ್ಲಿ ಮಳೆ ಬರುವುದಿಲ್ಲ. ಎರಡನೆಯದು ಮಳೆಯದು, ಅದು ಬಂದಾಗ ಶುರುವಾಗಿ ನಿಂತಾಗ ಮುಗಿಯುತ್ತದೆ. ಈ ಸಲ ಇನ್ನೂ ನಿಂತಿಲ್ಲ, ಆದ್ದರಿಂದ ಮೂವತ್ತಾರನೆಯ ದಿನ. ನನ್ನ ಮಾತಿನ ಧಾಟಿಯೂ ತಮಗೆ ವಿಚಿತ್ರ ಅನಿಸಬಹುದು. ತಮ್ಮ ಕಾಲದ ಅಚ್ಚಿನ ಕನ್ನಡವನ್ನು ನಾನು ಕಲಿತದ್ದು ಪುಸ್ತಕಗಳಿಂದ, ಆ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ವರದಿಗಳು. ಎಲ್ಲಾದರೂ ನಾನು ಸರ್ಕಾರಿ ಸುತ್ತೋಲೆಯ ಹಾಗೆ ಮಾತಾಡಿದರೆ ಮನ್ನಿಸಬೇಕು. ಮನೆಯಲ್ಲಿ ನಾನು ಹೀಗಿಲ್ಲ, ಬೇಕಾದರೆ ನನ್ನ ತಂಗಿಯನ್ನು ಕೇಳಿ.

ನನ್ನ ಹೆಸರು ದಾಕ್ಷಾಯಿಣಿ, ಅಡ್ಡಹೆಸರು ಇಬ್ಬನಿಬಲೆ. ತಮ್ಮ ಕಾಲದಲ್ಲಿ ನಮ್ಮ ಕಡೆಯವರಿಗೆ ಮೆಣಸಿನಕಾಯಿ, ಗಡಿಯಾರ ಎಂದೆಲ್ಲ ಅಡ್ಡಹೆಸರುಗಳಿದ್ದವಂತೆ. ಇದೂ ಹಾಗೆಯೇ, ಕಸುಬಿನಿಂದ ಬಂದದ್ದು. ಕಪ್ಪತಗುಡ್ಡದ ಮೇಲೆ ಗಾಳಿಕಂಬಗಳ ನಡುವೆ ನಾವು ಬಲೆ ಹರವುತ್ತೇವೆ. ಬೆಳಗಿನ ಮಂಜು ಅದಕ್ಕೆ ತಾಕಿ, ಹನಿಯಾಗಿ, ಕೊಳವೆಗಿಳಿದು ಊರಿನ ಹಂಡೆಗಳನ್ನು ತುಂಬುತ್ತದೆ. ಬಲೆ ಹರಿದಲ್ಲಿ ಹೊಲಿಯುವುದು ನನ್ನ ಕೆಲಸ. ಮನೆಗಳೆಲ್ಲ ಕಂಬಗಳ ಬುಡದಲ್ಲಿವೆ. ತಲೆಯ ಮೇಲೆ ದಿನವಿಡೀ ರೆಕ್ಕೆ ತಿರುಗುವ ಗುಂಯ್ ಎಂಬ ಸದ್ದು, ಹಾಗಾಗಿ ಇಲ್ಲಿ ಎಲ್ಲರ ದನಿಯೂ ದೊಡ್ಡದು. ಪ್ರೀತಿಯ ಮಾತನ್ನೂ ಜಗಳದಂತೆ ಆಡುತ್ತೇವೆ. ಊಟಕ್ಕೆ ಸಜ್ಜೆ ರೊಟ್ಟಿ, ಕೆಂಪು ಮೆಣಸಿನಕಾಯಿಯ ಹಿಂಡಿ, ಕೊನೆಗೆ ಒಂದು ಲೋಟ ಮಜ್ಜಿಗೆ. ಮಜ್ಜಿಗೆ ಕುಡಿಯದೆ ಎದ್ದವರನ್ನು ನಮ್ಮಲ್ಲಿ ಉಂಡವರೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈ ಕಾಗದ ತಮ್ಮನ್ನು ತಲುಪುವುದು ಹಿಂದಿನಂಚೆಯಿಂದ. ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ ಅದು. ಮನುಷ್ಯ ಹೋಗಲಾರ, ಒಂದು ಕಾಗದ ಹೋಗಬಲ್ಲದು, ಅದೂ ಒಬ್ಬೊಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ. ಹೆಚ್ಚಿನವರು ಮುತ್ತಜ್ಜನಿಗೆ ಬರೆಯುತ್ತಾರೆ: ಆ ಹೊಲ ಮಾರಬೇಡ, ಆ ಸಂಬಂಧ ಬೇಡ, ಎಡಗಡೆಯ ಹಲ್ಲಿನ ಕಡೆ ಲಕ್ಷ್ಯವಿರಲಿ. ಅಂಚೆಕಟ್ಟೆಯ ಗುಮಾಸ್ತ ನನ್ನ ಕಾಗದ ತೂಗಿ ನೋಡಿ, "ಅಕ್ಕಾರ, ಯಾರೋ ಗೊತ್ತಿಲ್ಲದ ಮಾಸ್ತರಿಗೆ ನಿಮ್ಮ ಒಂದ ಒಂದು ಕಾಗದ ಖರ್ಚು ಮಾಡ್ತೀರೇನು? ಇನ್ನೊಮ್ಮೆ ವಿಚಾರ ಮಾಡ್ರಿ" ಅಂದ. ವಿಚಾರ ಮಾಡಿಯೇ ಬಂದಿದ್ದೇನೆ, ನಿನ್ನ ತಕ್ಕಡಿ ನೋಡಿಕೋ ಅಂದೆ.

ಇನ್ನು ವಿಷಯಕ್ಕೆ ಬರುತ್ತೇನೆ. ತಮಗೂ ನಮಗೂ ನಡುವೆ ಒಂದು ಕೆಟ್ಟ ಕಾಲ ಬಂದು ಹೋಗಿದೆ. ಅದನ್ನು ವಿವರಿಸಿ ತಮ್ಮ ನಿದ್ದೆಗೆಡಿಸುವುದಿಲ್ಲ. ನೀರು ಬತ್ತಿತು, ಊರುಗಳು ಎದ್ದುಹೋದವು, ಯಂತ್ರಗಳು ನೆನಪಿಟ್ಟುಕೊಂಡದ್ದೆಲ್ಲ ಅಳಿಸಿಹೋಯಿತು. ಕಾಗದದ ಮೇಲಿದ್ದುದು ಮಾತ್ರ ಉಳಿಯಿತು. ಅದನ್ನಾದರೂ ಕಾಯೋಣವೆಂದು ನಮ್ಮ ಹಿರಿಯರು ಸಾಕ್ಷಿಮನೆಯನ್ನು ಕಟ್ಟಿದರು. ದಪ್ಪ ಗೋಡೆಯ, ಗೆದ್ದಲು ಹತ್ತದ, ತಂಪಾದ ಒಂದೇ ಕೋಣೆ. ಜಾಗ ಸಣ್ಣದು, ಸಿಕ್ಕ ಪುಸ್ತಕಗಳೋ ಗುಡ್ಡದಷ್ಟು. ಆಗ ಹಿರಿಯರು ಕೂತು ತೂರಿದರು. ಕಾಳು ಒಳಗೆ, ಜಳ್ಳು ಹೊರಗೆ. ಓದಿ ತೂರಲು ಅವರಿಗೆ ಪುರಸೊತ್ತೆಲ್ಲಿ? ಹೊದಿಕೆ ನೋಡಿಯೇ ತೂರಿದರು. ನೀರು, ಮಣ್ಣು, ರೋಗ, ಕಾನೂನು, ಸತ್ತವರ ಯಾದಿ, ಇವೆಲ್ಲ ಒಳಗೆ ಹೋದವು. ಬಣ್ಣಬಣ್ಣದ ಚಿತ್ರವಿದ್ದದ್ದು, ನಗುಮುಖವಿದ್ದದ್ದು ಎಲ್ಲ ಚಳಿಗಾಲದ ಒಲೆಗೆ ಹೋಯಿತು. ಅವರನ್ನು ಬೈಯಲಾರೆ, ಚಳಿಯೂ ಹಾಗಿತ್ತಂತೆ. ಆದರೆ ಇದರಿಂದ ಏನಾಯಿತೆಂದರೆ, ನನ್ನ ತಲೆಮಾರಿನ ಒಬ್ಬರೂ ನಗಿಸುವ ಪುಸ್ತಕವನ್ನು ಕಣ್ಣಿಂದ ಕಂಡವರಲ್ಲ. ನಾವು ನಗುತ್ತೇವೆ, ಗೇಲಿ ಮಾಡುತ್ತೇವೆ, ಒಬ್ಬರ ಕಾಲು ಒಬ್ಬರು ಎಳೆಯುತ್ತೇವೆ, ಅಜ್ಜಿಯರು ಕಥೆ ಹೇಳುತ್ತಾರೆ. ಆದರೆ ಅದನ್ನು ಅಚ್ಚು ಹಾಕಿಸಬಹುದೆಂದು ನಮಗೆ ಹೊಳೆದೇ ಇರಲಿಲ್ಲ. ಅಚ್ಚಾದದ್ದೆಲ್ಲ ಸತ್ಯ ಮತ್ತು ದುಃಖ ಎಂದು ನಂಬಿದ್ದೆವು.

ಸಾಕ್ಷಿಮನೆಯಲ್ಲಿ ಕಹಿಸರದಿ ಎಂಬ ಒಂದು ಪದ್ಧತಿ ಇದೆ. ವರ್ಷಕ್ಕೊಬ್ಬರು ಆ ಕಪಾಟುಗಳ ಪುಸ್ತಕಗಳನ್ನು ಊರಿನ ಮುಂದೆ ದಿನಾ ಮುಂಜಾನೆ ಗಟ್ಟಿಯಾಗಿ ಓದಬೇಕು. ಹಿಂದಿನವರು ನಿಲ್ಲಿಸಿದಲ್ಲಿಂದ ಮುಂದುವರಿಸಬೇಕು, ಸಾಲು ತಪ್ಪಿಸುವಂತಿಲ್ಲ, ಮುಂದಿನ ಪುಸ್ತಕವನ್ನು ಮೊದಲೇ ತೆರೆದು ನೋಡುವಂತಿಲ್ಲ. ಆ ವರ್ಷ ಅವರು ಬೇರೆ ಕೆಲಸ ಮಾಡುವುದಿಲ್ಲ, ಹಾಡು ಕೇಳುವುದಿಲ್ಲ, ಮದುವೆಗೆ ಹೋಗುವುದಿಲ್ಲ. ಮರೆತರೆ ಮತ್ತೆ ಅದೇ ತಪ್ಪು ಮಾಡುತ್ತೇವೆಂಬ ಭಯದಿಂದ ಹುಟ್ಟಿದ ಪದ್ಧತಿ ಇದು, ಒಳ್ಳೆಯ ಪದ್ಧತಿಯೇ. ಆದರೆ ಸರದಿ ಮುಗಿಸಿದವರೆಲ್ಲ ಮೊದಲಿನಂತೆ ಮನೆಗೆ ಬರಲಿಲ್ಲ. ನಮ್ಮ ಓಣಿಯ ಬಸಲಿಂಗಪ್ಪ ಸರದಿ ಮುಗಿಸಿ ಎಷ್ಟೋ ವರ್ಷವಾಯಿತು, ಇವತ್ತಿಗೂ ಗೋಡೆಗೆ ಮುಖ ಮಾಡಿ ಕೂರುತ್ತಾನೆ. ಹೆಂಡತಿ ತುತ್ತು ಮಾಡಿ ಬಾಯಿಗಿಟ್ಟರೆ ಉಣ್ಣುತ್ತಾನೆ, ಇಲ್ಲದಿದ್ದರೆ ಇಲ್ಲ.

ನನ್ನ ತಂಗಿ ನೀಲಗಂಗಾಳಿಗೆ ಆ ಸರದಿ ಬಂತು. ನಮ್ಮ ನೀಲಿ ಎಂದರೆ ಬಾಯಿಬಡುಕಿ. ಊರಿನ ಯಾರ ನಡಿಗೆಯನ್ನಾದರೂ, ಯಾರ ಕೆಮ್ಮನ್ನಾದರೂ ಮಾಡಿ ತೋರಿಸುವವಳು. ಅವಳು ರೊಟ್ಟಿ ಬಡಿಯಲು ಕೂತರೆ ನೆರೆಹೊರೆಯವರು ಬೇಕೆಂದೇ ಬೆಂಕಿ ಕೇಳಲು ಬರುತ್ತಿದ್ದರು. ಸರದಿ ಶುರುವಾದ ಮೇಲೆ ಮೊದಲು ಅವಳ ಅಣಕ ನಿಂತಿತು, ಆಮೇಲೆ ಹರಟೆ ನಿಂತಿತು, ಮಳೆ ಹತ್ತಿರ ಬರುವಷ್ಟರಲ್ಲಿ ಮಾತೇ ನಿಂತಿತು. ಬೆಳಗ್ಗೆ ಸತ್ತ ಊರುಗಳ ಹೆಸರು ಓದಿ ಬಂದು, ತಟ್ಟೆಯ ಮುಂದೆ ಕೂತು, ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡಿ ಹಾಗೆಯೇ ಏಳುತ್ತಿದ್ದಳು. ಬೈದೆ, ಓಲೈಸಿದೆ, ಕೈಹಿಡಿದು ಅತ್ತೆ. "ಹಸಿವಿಲ್ಲಕ್ಕಾ" ಎಂಬ ಒಂದೇ ಮಾತು. ನನಗೆ ದಿನಾ ಬಸಲಿಂಗಪ್ಪನ ಗೋಡೆ ಕಣ್ಣಿಗೆ ಕಟ್ಟುತ್ತಿತ್ತು. ಅವ್ವ ಸಾಯುವಾಗ ಇವಳನ್ನು ನನ್ನ ಕೈಗೆ ಹಾಕಿ ಹೋಗಿದ್ದಳು. ನನ್ನ ಕಣ್ಣೆದುರೇ ನನ್ನ ತಂಗಿ ಕೈಜಾರಿ ಹೋಗುತ್ತಿದ್ದಳು, ನಾನು ಬಲೆ ಹೊಲಿಯುತ್ತ ಕೂತಿದ್ದೆ.

ತಡೆಯಲಾರದೆ ಸಾಕ್ಷಿಮನೆಯ ಹಿರಿಯರಾದ ಅಂದಾನಪ್ಪಜ್ಜರ ಹತ್ತಿರ ಹೋದೆ. ಅವರು ನಕ್ಕದ್ದನ್ನು ಕಂಡವರು ಊರಲ್ಲಿ ಯಾರೂ ಇಲ್ಲ. ಅವರ ಮೀಸೆಯೂ ಶೋಕದಲ್ಲಿರುವಂತೆ ಕೆಳಗೆ ಇಳಿದಿರುತ್ತದೆ. "ಅಜ್ಜಾರ, ನನ್ನ ತಂಗೀನ ಬಿಟ್ಟುಬಿಡ್ರಿ. ಉಳಿದದ್ದು ನಾ ಓದತೀನಿ" ಅಂದೆ. "ಸರದಿ ಅರ್ಧಕ್ಕ ಬಿಟ್ರ ಸತ್ತವರನ್ನ ಅರ್ಧ ದಾರ್ಯಾಗ ಬಿಟ್ಟಂಗವ್ವಾ" ಎಂದರು. ಕಲ್ಲಿನ ಮೇಲೆ ನೀರು ಸುರಿದಂತಾಯಿತು. ಮನೆಗೆ ಬಂದರೆ ಆ ಮಹಾತಾಯಿ ನೀಲಿಯೂ, "ನೀ ಯಾಕ ಹೋದಿ? ನಾ ಬಿಡಂಗಿಲ್ಲ. ಇನ್ನ ಎರಡನೇ ಸಂಪುಟ ಉಳದೈತಿ" ಅಂದಳು.

ಆ ಎರಡನೇ ಸಂಪುಟವೇ ತಮ್ಮದು, ಮಹಾನುಭಾವರೇ. "ಅಂತರ್ಜಲ: ಸವಾಲುಗಳು ಮತ್ತು ಸಾಧ್ಯತೆಗಳು, ಸಂಪುಟ ಎರಡು." ಬೂದು ಬಣ್ಣದ ಹೊದಿಕೆ, ಮೇಲೊಂದು ಕೊಳವೆಬಾವಿಯ ನಕ್ಷೆ. ಮೊದಲನೇ ಸಂಪುಟವನ್ನು ಆಗಷ್ಟೇ ಮುಗಿಸಿದ್ದೆವು. ಬಾವಿ ಬಾವಿಯ ಆಳ, ತಾಲೂಕು ತಾಲೂಕಿನ ಕೋಷ್ಟಕ. ಇನ್ನೊಂದು ಇಂಥದ್ದನ್ನು ಓದಿದರೆ ನೀಲಿ ಉಳಿಯುವುದಿಲ್ಲವೆಂದು ನನಗೆ ಖಾತ್ರಿಯಾಗಿತ್ತು. ಆ ಮುಂಜಾನೆ ಅವಳು ಪೀಠದ ಮೇಲೆ ಕೂತು, ಪುಸ್ತಕ ತೆರೆದಳು. ಮೊದಲ ಹಾಳೆಗಳು ಹೊದಿಕೆಗೆ ಅಂಟಿಕೊಂಡಿದ್ದವು, ಹಾಗಾಗಿ ಬಿಚ್ಚಿಕೊಂಡಲ್ಲಿಂದ ಓದಿದಳು:

"ದೊಣ್ಣಾಸುರನೆಂಬ ರಾಕ್ಷಸನು ತನ್ನ ಪ್ರಾಣವನ್ನು ಏಳು ಬೆಟ್ಟದಾಚೆ ಒಂದು ಗಿಳಿಯೊಳಗೆ ಇಟ್ಟಿದ್ದನು. ಅದು ಅವನು ಮಾಡಿದ ಮೊದಲ ತಪ್ಪು. ಆ ಸಂಗತಿಯನ್ನು ಗಿಳಿಗೆ ತಿಳಿಸಿದ್ದು ಎರಡನೆಯದು."

ಅಂದಾನಪ್ಪಜ್ಜರು ಹುಬ್ಬು ಗಂಟಿಕ್ಕಿ ಕೈ ಎತ್ತಿ, "ಇದನ್ನ ಬರಕೋರಿ. ಬರಗಾಲದಾಗ ಪ್ರಾಣ ಹೊರಗ ಇಡೋ ಪದ್ಧತಿ ಇತ್ತಂತ" ಅಂದರು. ಮುಂದಿನ ಸಾಲಿನ ಮುದುಕಿಯೊಬ್ಬಳು ಗಲ್ಲಕ್ಕೆ ಕೈಯಿಟ್ಟು, "ಯವ್ವಾ! ನಮ್ಮಜ್ಜಿ ಹೇಳ್ತಿದ್ಲು, ಸುಳ್ಳು ಅನ್ಕೊಂಡಿದ್ದೆ. ಅಚ್ಚಾಗೇತಿ ಅಂದಮ್ಯಾಗ ಖರೇನ ಬಿಡು" ಅಂದಳು. ನಗಬೇಡಿ. ನಾವು ಅಂತರ್ಜಲದ ಹೊದಿಕೆಯನ್ನು ನಂಬಿದ್ದೆವು. ಮೊದಲನೇ ಸಂಪುಟದಷ್ಟೇ ಶ್ರದ್ಧೆಯಿಂದ ಎರಡನೆಯದನ್ನೂ ಕೇಳಿದೆವು. ಗಿಳಿ ತನ್ನ ಬೆಲೆ ತಿಳಿದುಕೊಂಡು ದಿನಕ್ಕೊಂದು ಬೇಡಿಕೆ ಇಡುತ್ತದೆ, ಬಿಸಿ ಮಿರ್ಚಿ ಭಜಿ ಬೇಕೆನ್ನುತ್ತದೆ, ಪಂಜರಕ್ಕೆ ಕಿಟಕಿ ಪರದೆ ಕೇಳುತ್ತದೆ. ಕೊಡದಿದ್ದರೆ ಮಳೆಯಲ್ಲಿ ನೆನೆಯುತ್ತೇನೆ, ನೆಗಡಿಯಾದರೆ ನಿನಗೇ ಎಂದು ಹೆದರಿಸುತ್ತದೆ. ಪಾಪ, ಮೂರು ಲೋಕ ನಡುಗಿಸುವ ರಾಕ್ಷಸ ಸೊಂಟಕ್ಕೆ ಪಂಚೆ ಸಿಕ್ಕಿಸಿ ಭಜಿ ಕರಿಯುತ್ತಾನೆ. ಇದನ್ನೆಲ್ಲ ನಮ್ಮ ಊರಿನವರು ತಲೆದೂಗುತ್ತ ಬರೆದುಕೊಂಡರು. ಆ ಏಳು ಬೆಟ್ಟಗಳಲ್ಲಿ ಕಪ್ಪತಗುಡ್ಡ ಸೇರುತ್ತದೋ ಇಲ್ಲವೋ ಎಂದು ಇಬ್ಬರು ಕೈಕೈ ಮಿಲಾಯಿಸುವ ತನಕ ಹೋದರು.

ನಾನು ಮಾತ್ರ ನೀಲಿಯ ಮುಖ ನೋಡುತ್ತಿದ್ದೆ. ಮೂರನೆಯ ಮುಂಜಾನೆ ಅವಳ ತುಟಿಯ ತುದಿ ಒಂಚೂರು ಅಲುಗಿತು. ಎಷ್ಟೋ ತಿಂಗಳಿಂದ ಕಾಣದಿದ್ದುದು ಅದು. ಸಾಕ್ಷಿಮನೆಯಲ್ಲಿ, ಸರದಿಯ ಪೀಠದ ಮೇಲೆ ನಕ್ಕವರು ಇಲ್ಲಿಯವರೆಗೆ ಯಾರೂ ಇರಲಿಲ್ಲ, ನಕ್ಕರೆ ಏನು ಮಾಡುತ್ತಾರೋ ಗೊತ್ತಿರಲಿಲ್ಲ. ಆದರೂ ಹೇಳುತ್ತೇನೆ, ನಗಲಿ ದೇವರೇ, ಒಂದೇ ಒಂದು ಸಲ ನಗಲಿ ಎಂದು ಬೇಡಿಕೊಂಡೆ.

ಮರುದಿನ ಆ ಅಧ್ಯಾಯ ಬಂತು. ಇಂದ್ರನ ಸೈನ್ಯ ಎದುರಿಗೆ ನಿಂತಿದೆ. ದೊಣ್ಣಾಸುರ ಗದೆ ಎತ್ತಿ, ಭೂಮಿ ಬಿರಿಯುವಂತೆ ಗರ್ಜಿಸಲು ಬಾಯಿ ತೆರೆದಿದ್ದಾನೆ. ಅದೇ ಹೊತ್ತಿಗೆ ಏಳು ಬೆಟ್ಟದಾಚೆ ಗಿಳಿ ಒಂದು ಬುಟ್ಟಿ ಮಿರ್ಚಿ ಭಜಿ ತಿಂದು ಮುಗಿಸಿದೆ. ರಾಕ್ಷಸನಿಗೆ ಗರ್ಜನೆಯ ಬದಲು ಬಿಕ್ಕಳಿಕೆ ಬಂತು. ದೇವತೆಗಳು ಒಬ್ಬರ ಮುಖ ಒಬ್ಬರು ನೋಡಿದರು, ಇಂದ್ರ ಯುದ್ಧ ನಿಲ್ಲಿಸಿ ನೀರಿನ ಚೊಂಬು ಕೊಟ್ಟ. ಇಲ್ಲಿ ನೀಲಿಯ ದನಿ ಸಣ್ಣಗೆ ನಡುಗಿತು, ನಿಂತಿತು. ಅವಳು ಕಷ್ಟಪಟ್ಟು ನಗು ನುಂಗಿಕೊಂಡಳು. ಆಗ ಅಂದಾನಪ್ಪಜ್ಜರು ಗಂಟಲು ಸರಿಮಾಡಿಕೊಂಡು, ಬಹಳ ಗಂಭೀರವಾಗಿ ಕೇಳಿದರು: "ಮೆಣಸಿನಕಾಯಿ ಬೀಜ ತಗದಿದ್ರೋ ಇಲ್ಲೋ, ಅದನ್ನೇನರ ಬರದಾರೇನು?"

ಮುಗಿಯಿತು. ನೀಲಿ ನಕ್ಕಳು. ಕಟ್ಟೆ ಒಡೆದ ಹಾಗೆ ನಕ್ಕಳು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಉಸಿರು ಸಿಗದೆ "ಅಜ್ಜಾರ, ಬೀಜ... ಬೀಜ..." ಎನ್ನುತ್ತ ನಕ್ಕಳು. ಪುಸ್ತಕ ಕೈಜಾರಿ ಕೆಳಗೆ ಬಿತ್ತು. ತಾವು ಅಷ್ಟು ಅಚ್ಚುಕಟ್ಟಾಗಿ ಹಚ್ಚಿದ್ದ ಗೋಂದು ಇಷ್ಟು ವರ್ಷಗಳಲ್ಲಿ ಒಣಗಿಹೋಗಿತ್ತು. ಬೂದು ಹೊದಿಕೆ ಕಳಚಿ ಬಿತ್ತು. ಒಳಗೆ ಹಸಿರು ಗಿಳಿಯ ಚಿತ್ರ, ಅದರ ಕುತ್ತಿಗೆಗೆ ಕೆಂಪು ಮಫ್ಲರ್, ಮೇಲೆ ದಪ್ಪ ಅಕ್ಷರದಲ್ಲಿ "ಗಿಳಿಗೆ ನೆಗಡಿಯಾಗಿದೆ". ಬರೆದವರ ಹೆಸರನ್ನು ಹುಳು ತಿಂದಿತ್ತು.

ಅಂದಾನಪ್ಪಜ್ಜರು ಎದ್ದು ಬಂದರು. ಪುಸ್ತಕ ಎತ್ತಿಕೊಂಡರು. ಜಳ್ಳು ಕಾಳಿನಲ್ಲಿ ಸೇರಿಕೊಂಡಿತ್ತೆಂಬುದು ಎಲ್ಲರಿಗೂ ಗೊತ್ತಾಯಿತು. ಒಲೆ ದೂರವಿರಲಿಲ್ಲ. ಹೊದಿಕೆಯ ಒಳಮೈಯಲ್ಲಿ ತಾವು ಪೆನ್ಸಿಲ್ಲಿನಲ್ಲಿ ಬರೆದಿಟ್ಟ ಸಾಲುಗಳನ್ನು ಅಜ್ಜರು ಗಟ್ಟಿಯಾಗಿ ಓದಿದರು: "ದಿನವಿಡೀ ಪರೀಕ್ಷೆಯ ಪೇಪರು ತಿದ್ದಿ ತಲೆ ಹಾಳಾಗಿದೆ. ದೊಡ್ಡ ದೊಡ್ಡ ಪುಸ್ತಕ ನಾಳೆಗಿರಲಿ. ಇವತ್ತು ಗಿಳಿ. ಸಹೋದ್ಯೋಗಿಗಳು ನೋಡಿದರೆ ಮಾನ ಹೋದೀತು, ಅದಕ್ಕೇ ಈ ವೇಷ." ಓದಿ ಒಲೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಆ ಇಳಿಬಿದ್ದ ಮೀಸೆ ಒಂದು ಪಕ್ಕಕ್ಕೆ ಎದ್ದಿತು. ಪುಸ್ತಕವನ್ನು ನೀಲಿಯ ಕೈಗೆ ಕೊಟ್ಟು, "ಬಿಕ್ಕಳಿಕಿ ನಿಂತೋ ಇಲ್ಲೋ? ಓದವ್ವಾ ಮುಂದ" ಅಂದರು.

ಆ ದಿನ ನೀಲಿ ಮನೆಗೆ ಬಂದು ರೊಟ್ಟಿಯ ಮೇಲೆ ರೊಟ್ಟಿ ಉಂಡಳು. ಉಣ್ಣುತ್ತಲೇ ಅಂದಾನಪ್ಪಜ್ಜರ ಮೀಸೆ ಮಾಡಿ ತೋರಿಸಿದಳು. ನಾನು ಒಲೆಯ ಮುಂದೆ ಕೂತು, ಹೊಗೆಯ ನೆವ ಹೇಳಿ ಅತ್ತೆ.

ಸರದಿಯನ್ನು ಅವಳು ಪೂರ್ತಿ ಮಾಡಿದಳು. ಸತ್ತವರ ಒಂದು ಹೆಸರನ್ನೂ ಬಿಡಲಿಲ್ಲ. ಕಹಿ ಓದಿನ ಕೊನೆಗೆ ಗಿಳಿಯ ಒಂದು ತುಣುಕು ಓದಲು ಸಭೆ ಒಪ್ಪಿತು. ಗಿಳಿ ಓದಿದ ಮರುದಿನ ಹೆಸರುಗಳು ಮೊದಲಿಗಿಂತ ಸ್ಪಷ್ಟವಾಗಿ ಕೇಳುತ್ತವೆಂದು ಅಂದಾನಪ್ಪಜ್ಜರೇ ಹೇಳಿದರು. ಈಗ ಅದೇ ಪದ್ಧತಿಯಾಗಿದೆ. ನಾವದನ್ನು ಮಜ್ಜಿಗೆ ಓದು ಎನ್ನುತ್ತೇವೆ. ನೀಲಿಯ ನಂತರ ಸರದಿ ಮಾಡಿದವರೆಲ್ಲ ಮಾತಾಡುತ್ತ ಮನೆಗೆ ಬಂದಿದ್ದಾರೆ. ಬಸಲಿಂಗಪ್ಪನನ್ನೂ ಹೆಂಡತಿ ಕೈಹಿಡಿದು ಕರೆತಂದು ಕೂರಿಸುತ್ತಾಳೆ. ಅವನಿನ್ನೂ ಮಾತಾಡಿಲ್ಲ, ಆದರೆ ಭಜಿಯ ಅಧ್ಯಾಯ ಬಂದಾಗ ಗೋಡೆಯಿಂದ ಈ ಕಡೆ ತಿರುಗುತ್ತಾನೆ. ಮಕ್ಕಳು ಸಾಕ್ಷಿಮನೆಯ ಒಂದೊಂದು ಪುಸ್ತಕದ ಹೊದಿಕೆಯ ಅಂಚನ್ನೂ ಉಗುರಿನಿಂದ ಎಬ್ಬಿಸಿ ನೋಡುತ್ತವೆ, ಒಳಗೆ ಇನ್ನೊಂದು ಗಿಳಿ ಇದ್ದೀತೇ ಎಂದು. ಇಲ್ಲಿಯವರೆಗೆ ಸಿಕ್ಕಿಲ್ಲ. ಸಿಗದಿದ್ದರೆ ಏನಂತೆ, ನೀಲಿಯೇ ಬರೆಯತೊಡಗಿದ್ದಾಳೆ. ಅವಳ ದೊಣ್ಣಾಸುರ ಈಗ ಭಜಿಯಂಗಡಿ ಇಟ್ಟಿದ್ದಾನೆ, ಇಂದ್ರ ಅಲ್ಲಿ ದಿನದ ಗಿರಾಕಿ. ಗಿಳಿ ಗಲ್ಲಾಪೆಟ್ಟಿಗೆಯ ಮೇಲೆ ಕೂತಿದೆ.

ಅಂದಾನಪ್ಪಜ್ಜರದು ಒಂದು ವಿನಂತಿ ಇದೆ. ನಿಜವಾದ ಎರಡನೇ ಸಂಪುಟ ಹೊದಿಕೆಯಿಲ್ಲದೆ ಎಲ್ಲಿ ಹೋಯಿತೋ ತಿಳಿಯದು, ತಮ್ಮ ಮನೆಯಲ್ಲೇ ಇದ್ದರೆ ಅದಕ್ಕೂ ಏನಾದರೊಂದು ಅಂಗಿ ತೊಡಿಸಿ ಇಡಬೇಕಂತೆ. ನೀರಿನ ವಿಷಯವೂ ಮುಖ್ಯವೇ ಎನ್ನುತ್ತಾರೆ.

ನನ್ನದು ಬೇರೆ. ಈ ಕಾಗದವನ್ನು ಮೊದಲು ಬರೆದಾಗ ತಮಗೆ ಹೀಗೆ ಹೇಳಿದ್ದೆ: ನಾಚಬೇಡಿ. ದೊಡ್ಡ ಪುಸ್ತಕಗಳನ್ನು ಓದಿ ದಣಿದವರು ಹಗುರವಾದದ್ದನ್ನು ಓದುವುದು ಕಳ್ಳತನವಲ್ಲ, ಊಟದ ಕೊನೆಯ ಮಜ್ಜಿಗೆ ಅದು. ಆ ಹೊದಿಕೆಯನ್ನು ಕಿತ್ತು ಬಿಸಾಡಿ, ಗಿಳಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಓದಿ. ಹಾಗೆ ಬರೆದು, ಸಹಿ ಮಾಡಿ, ಅಂಚೆಕಟ್ಟೆಗೆ ಹೊರಟವಳು ಅರ್ಧ ದಾರಿಯಲ್ಲಿ ನಿಂತೆ. ನಮ್ಮ ಹಿರಿಯರು ತೂರಿದ್ದು ಹೊದಿಕೆ ನೋಡಿ. ಗಿಳಿ ಗಿಳಿಯಾಗಿಯೇ ಬಂದಿದ್ದರೆ ಒಲೆಗೆ ಹೋಗುತ್ತಿತ್ತು. ಆ ಕಾಗದವನ್ನು ಅಲ್ಲೇ ಹರಿದು, ಮನೆಗೆ ಮರಳಿ ಇದನ್ನು ಬರೆದೆ.

ಆದ್ದರಿಂದ ನಾಚಿಕೆ ಬಿಡಿ, ವೇಷ ಬಿಡಬೇಡಿ. ಬಸ್ಸಿನಲ್ಲಿ ಓದಿ, ಗಟ್ಟಿಯಾಗಿ ನಗಿ, ಪಕ್ಕದವರು ನೋಡಿದರೆ ಅವರಿಗೂ ಒಂದು ಪುಟ ಓದಿ ಹೇಳಿ. ಮಾನ ಎಲ್ಲಿಗೂ ಹೋಗುವುದಿಲ್ಲ, ನಮ್ಮೂರಲ್ಲಿ ತಮ್ಮ ಮಾನ ಗಾಳಿಕಂಬದಷ್ಟು ಎತ್ತರದಲ್ಲಿದೆ. ಆದರೆ ಓದಿ ಮುಗಿಸಿದ ಮೇಲೆ ದಯವಿಟ್ಟು ಬೂದು ಹೊದಿಕೆ ಹಾಕಿ, ಅಂಚಿಗೆ ಗೋಂದು ಹಚ್ಚಿ, ಮೊದಲನೇ ಸಂಪುಟದ ಪಕ್ಕದಲ್ಲಿಡಿ. ಮರೆಯಬೇಡಿ. ತಾವು ಈ ಕಾಗದ ಓದುತ್ತಿರುವ ಹೊತ್ತಿಗೆ ಮುಂದಿನದು ಯಾವುದೂ ಇನ್ನೂ ಆಗಿಲ್ಲ. ನೀಲಿಯ ಮುಂದೆ ತಟ್ಟೆ ಇದೆ, ರೊಟ್ಟಿ ಚೂರಾಗಿದೆ, ನನ್ನ ತಂಗಿ ಇನ್ನೂ ಉಂಡಿಲ್ಲ.

ಇಂತಿ ತಮ್ಮ ಋಣದಲ್ಲಿರುವ,
ದಾಕ್ಷಾಯಿಣಿ ಇಬ್ಬನಿಬಲೆ